ಗಾಳಿಸುದ್ದಿಗೆ ನಾಲ್ಕು ಗಂಟಲು

ಅಮೆರಿಕದ ಡೆಟ್ರಾಯಿಟ್‌ನ ಮೋಟೌನ್ ಎಂಬ ಸಂಗೀತ ಕಂಪನಿಯ ಒಡೆಯರಾಗಿದ್ದ ಬೆರಿ ಗಾರ್ಡಿ ಅವರಿಗೆ ಒಳ್ಳೆಯ ಹಾಡು ಗುರುತಿಸುವ ಕಿವಿಯೇ ಇರಲಿಲ್ಲ ಎಂದು ಹಳಿಯುವವರು ಮೊದಲು ಎತ್ತಿಕೊಳ್ಳುವ ಉದಾಹರಣೆ 'ಐ ಹರ್ಡ್ ಇಟ್ ಥ್ರೂ ದ ಗ್ರೇಪ್‌ವೈನ್', ಅಂದರೆ 'ಗಾಳಿಸುದ್ದಿಯಲ್ಲಿ ಕೇಳಿದೆ'. ಮೋಟೌನ್ ಗಾಯಕ ಮಾರ್ವಿನ್ ಗೇ 1967ರಲ್ಲೇ ಹಾಡಿ ಮುಗಿಸಿದ್ದ ಈ ಹಾಡನ್ನು ಗಾರ್ಡಿ ಬದಿಗಿಟ್ಟರು. ಒಂದೂವರೆ ವರ್ಷದ ಮೇಲೆ ಅದು ಹೊರಬಂದಾಗ ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಪಟ್ಟಿಯ ನೆತ್ತಿಯ ಮೇಲೆ ಏಳು ವಾರ ಕೂತಿತು. ಇದೇ ಹಾಡಿನ ನಾಲ್ಕು ರೂಪಗಳನ್ನು ಹೆಡ್‌ಫೋನಿನಲ್ಲಿ, ಮೊಬೈಲಿನ ಪುಟ್ಟ ಸ್ಪೀಕರಿನಲ್ಲಿ, ಕಾರಿನಲ್ಲಿ ಒಂದರ ಬೆನ್ನಿಗೆ ಒಂದರಂತೆ ಹಾಕಿ ಕೇಳಿದ ಮೇಲೆ ನನಗೆ ಗಾರ್ಡಿಯವರ ಮೇಲೆ ಸಿಟ್ಟೇನೂ ಉಳಿದಿಲ್ಲ.

ಹಾಡು ಕಟ್ಟಿದವರು ನಾರ್ಮನ್ ವಿಟ್‌ಫೀಲ್ಡ್ ಮತ್ತು ಬ್ಯಾರೆಟ್ ಸ್ಟ್ರಾಂಗ್. ಕಥೆ ಸಣ್ಣದು. ಪ್ರೀತಿಸಿದವಳ ಮನಸ್ಸು ಹಳೆಯ ಗೆಳೆಯನ ಕಡೆ ವಾಲಿದೆ. ಆ ಸುದ್ದಿ ಅವಳ ಬಾಯಿಂದ ಬರದೆ ಊರವರ ಬಾಯಿಂದ ಇವನ ಕಿವಿಗೆ ಬಿದ್ದಿದೆ. ಮೊದಲು, 1966ರಲ್ಲಿ, ಹಾಡಿದ್ದು ಸ್ಮೋಕಿ ರಾಬಿನ್ಸನ್ ಮತ್ತು ಮಿರಕಲ್ಸ್ ತಂಡ. ಗಾರ್ಡಿ ಅದನ್ನೂ ಒಪ್ಪಲಿಲ್ಲ. 1968ರಲ್ಲಿ ಆ ತಂಡದ ಆಲ್ಬಂ ಒಂದರಲ್ಲಿ ಸೇರಿಕೊಂಡಿತು. ರಾಬಿನ್ಸನ್ ಅವರ ಕಂಠ ಬೆಣ್ಣೆ. ಆದರೆ ಮೋಸ ಹೋದವನ ಅಳಲಿಗೆ ಅಷ್ಟು ನುಣುಪು ಹೊಂದುವುದಿಲ್ಲ. ಎಲ್ಲಿ ಹಾಕಿ ಕೇಳಿದರೂ ನನಗೆ ಇದು ನಾಲ್ಕನೆಯದೇ.

ಗ್ಲಾಡಿಸ್ ನೈಟ್ ಮತ್ತು ಪಿಪ್ಸ್ ತಂಡ ಹಾಡಿದ್ದು ಗೇ ಅವರಿಗಿಂತ ತರುವಾಯ, ಆದರೆ ಮೊದಲು ಬಿಡುಗಡೆಯಾದದ್ದು ಅವರದೇ, 1967ರ ಸೆಪ್ಟೆಂಬರ್‌ನಲ್ಲಿ. ಆ ವರ್ಷದ ಬೇಸಿಗೆಯಲ್ಲಿ ಅರೀಥಾ ಫ್ರಾಂಕ್ಲಿನ್ ಅವರ 'ರೆಸ್ಪೆಕ್ಟ್' ಅಮೆರಿಕವನ್ನು ಕುಣಿಸುತ್ತಿತ್ತು; ಹಾಡಿಸುತ್ತಿದ್ದ ವಿಟ್‌ಫೀಲ್ಡ್ ಅವರಿಗೂ ಅದೇ ಕಾವು ಬೇಕಿತ್ತು. ಸಿಕ್ಕಿತು ಕೂಡ. ಹಾಡಿನ ನಡೆ ಚುರುಕು, ಡ್ರಮ್ ಮುಂದೆ, ಪಿಯಾನೊದಲ್ಲಿ ಚರ್ಚಿನ ಹಾಡುಗಾರಿಕೆಯ ಏರು. ಗ್ಲಾಡಿಸ್ ಒಂದು ಮಾತು ಎಸೆದರೆ ಪಿಪ್ಸ್ ತಕ್ಷಣ ಅದನ್ನು ಹಿಡಿದು ಹಿಂದಿರುಗಿಸುತ್ತಾರೆ. ಈ ಹೆಣ್ಣು ಸುದ್ದಿ ನಿಜವೋ ಸುಳ್ಳೋ ಎಂದು ವಿಚಾರಿಸಲು ಬಂದವಳಲ್ಲ, ತೀರ್ಮಾನ ಮಾಡಿಕೊಂಡೇ ಬಾಗಿಲು ತಟ್ಟಿದವಳು. ಆರ್ ಅಂಡ್ ಬಿ (ರಿದಮ್ ಅಂಡ್ ಬ್ಲೂಸ್ ಎಂಬ ಕಪ್ಪು ಅಮೆರಿಕನ್ನರ ಸಂಗೀತ) ಪಟ್ಟಿಯಲ್ಲಿ ಆರು ವಾರ ಮೊದಲ ಸ್ಥಾನ, ಪಾಪ್ ಪಟ್ಟಿಯಲ್ಲಿ ಎರಡನೆಯ ಸ್ಥಾನ ಈ ರೂಪಕ್ಕೆ ದಕ್ಕಿತು. ಇಷ್ಟು ಗೆದ್ದದ್ದನ್ನು ಈಗ ಎಷ್ಟೋ ಜನ 'ಆ ಇನ್ನೊಂದು' ಎಂದು ಕರೆಯುವುದು ಅನ್ಯಾಯ.

ಮೊಬೈಲಿನ ಸ್ಪೀಕರಿನಲ್ಲಿ ಗ್ಲಾಡಿಸ್ ಅವರನ್ನು ಮೀರಿಸುವವರಿಲ್ಲ. ಕುಕ್ಕರ್ ಕೂಗುತ್ತಿರುವ ಅಡುಗೆಮನೆಯಲ್ಲೂ ಆ ಕಂಠ ಸೀಳಿಕೊಂಡು ಬರುತ್ತದೆ. ಅದೇ ಜಾಗದಲ್ಲಿ ಗೇ ಅವರದನ್ನು ಹಾಕಿದರೆ ಜೇಮ್ಸ್ ಜೇಮರ್ಸನ್ ಅವರ ಬೇಸ್ ಗಿಟಾರ್ ಪೂರ್ತಿ ಮಾಯ. ಮೋಟೌನ್‌ನವರು ಹಾಡನ್ನು ಬಿಡುಗಡೆಗೆ ಮುನ್ನ ಕಾರಿನ ರೇಡಿಯೊವನ್ನು ಹೋಲುವ ಕಿರಿದಾದ ಸ್ಪೀಕರಿನಲ್ಲಿ ಪರೀಕ್ಷಿಸುತ್ತಿದ್ದರು. ಯಾವ ಹಾಡು ಹೊರಗೆ ಹೋಗಬೇಕೆಂದು ಸಭೆ ಸೇರಿ ಮತ ಹಾಕುತ್ತಿದ್ದರು. ಅಂಥ ಕಡೆ ಮೆಲ್ಲಗೆ ತೆವಳುವ ಹಾಡು ಸೋಲುವುದರಲ್ಲಿ ಅಚ್ಚರಿಯಿಲ್ಲ.

ಇನ್ನು ಹೆಡ್‌ಫೋನ್. ಇಲ್ಲಿ ಲೆಕ್ಕವೇ ತಿರುಗುಮುರುಗಾಗುತ್ತದೆ. ಗೇ ಅವರ ರೂಪ ಎಲೆಕ್ಟ್ರಿಕ್ ಪಿಯಾನೊದ ಮಂದ್ರದ ಗೊಣಗಾಟದಿಂದ ಶುರುವಾಗುತ್ತದೆ. ಅದರ ಹಿಂದೆ ಟ್ಯಾಂಬೊರಿನ್ ಎಂಬ ಕೈವಾದ್ಯದ ಸರಸರ. ಕಂಠ ಬರುವ ಹೊತ್ತಿಗೆ ಏನೋ ಕೆಟ್ಟದ್ದು ನಡೆದಿದೆ ಎಂದು ನಮಗೆ ಗೊತ್ತಾಗಿಬಿಟ್ಟಿರುತ್ತದೆ. ವಿಟ್‌ಫೀಲ್ಡ್ ಬೇಕೆಂದೇ ಶ್ರುತಿಯನ್ನು ಗೇ ಅವರ ಹಿತವಾದ ಎತ್ತರಕ್ಕಿಂತ ಮೇಲೆ ಇಟ್ಟಿದ್ದರು. ಅದರ ಬಗ್ಗೆ ಇಬ್ಬರಿಗೂ ಜಟಾಪಟಿಯೂ ಆಗಿತ್ತು. ತಾರಸ್ಥಾಯಿಯಲ್ಲಿ ಗಂಟಲು ಬಿಗಿಯುವ ಆ ಕ್ಷಣಗಳನ್ನು ಕೇಳಿ: ಗಾಯಕರಿಗೆ ನಿಜಕ್ಕೂ ಕಷ್ಟವಾಗುತ್ತಿದೆ, ಹಾಡಿನೊಳಗಿನವನಿಗೂ ಆಗುತ್ತಿದೆ. ಎರಡನ್ನೂ ಬಿಡಿಸಿ ನೋಡಲಾಗುವುದಿಲ್ಲ. ಅವನು ಇನ್ನೂ ನಂಬಿಲ್ಲ. ಸುಳ್ಳು ಎಂದು ಅವಳು ಒಂದು ಮಾತು ಹೇಳಿದರೆ ಸಾಕು, ನಂಬಿಬಿಡುತ್ತಾನೆ. ಹಿನ್ನೆಲೆಯಲ್ಲಿ ಆಂಡಾಂಟೀಸ್ ತಂಡದ ಹೆಣ್ಣುಮಕ್ಕಳ ದನಿ, ಪಾಲ್ ರೈಸರ್ ಜೋಡಿಸಿದ ಪಿಟೀಲುಗಳು. ಆ ದನಿಗಳನ್ನು ನಾನು ಯಾವಾಗಲೂ ಗುಸುಗುಸು ಎನ್ನುವ ಊರವರೆಂದೇ ಕೇಳುತ್ತೇನೆ.

ಈ ರೂಪ 1968ರ ಆಗಸ್ಟ್‌ನಲ್ಲಿ 'ಇನ್ ದ ಗ್ರೂವ್' ಆಲ್ಬಂನ ಒಂದು ಹಾಡಾಗಿ ಹೊರಬಂತು. ರೇಡಿಯೊದವರು ತಾವಾಗಿಯೇ ಅದನ್ನು ಮತ್ತೆ ಮತ್ತೆ ಹಾಕತೊಡಗಿದ ಮೇಲೆ ಗಾರ್ಡಿ ಮಣಿದು ಅಕ್ಟೋಬರ್ ಕೊನೆಗೆ ಅದನ್ನು ಸಿಂಗಲ್, ಅಂದರೆ ಬಿಡಿ ಹಾಡಿನ ತಟ್ಟೆಯಾಗಿ ತಂದರು. ಡಿಸೆಂಬರ್‌ನಲ್ಲಿ ಮೊದಲ ಸ್ಥಾನ. ಮರುವರ್ಷ ಬ್ರಿಟನ್ನಿನಲ್ಲೂ ಮೂರು ವಾರ. ಕೊನೆಗೆ ಆಲ್ಬಂನ ಹೆಸರನ್ನೇ ಹಾಡಿನ ಹೆಸರಿಗೆ ಬದಲಿಸಿದರು. ತಮ್ಮ ಹಾಡು ಹೀಗೆ ಮರೆಗೆ ಸರಿದದ್ದು ಗ್ಲಾಡಿಸ್ ಅವರಿಗೆ ಹಿಡಿಸಲಿಲ್ಲ. ಯಾರಿಗೆ ತಾನೇ ಹಿಡಿಸೀತು?

ಒಂದನ್ನೇ ಆರಿಸಿ ಎಂದರೆ ನನ್ನ ಮತ ಗೇ ಅವರಿಗೆ, ಆದರೆ ಒಬ್ಬನೇ ಇರುವಾಗ ಮಾತ್ರ. ನಾಲ್ಕು ಜನ ಸೇರಿದ ಕಡೆ ಹಾಕಿದರೆ ಮಾತುಕತೆ ತಣ್ಣಗಾಗುತ್ತದೆ. ಅಲ್ಲಿಗೆ ಗ್ಲಾಡಿಸ್ ಅವರೇ ಸರಿ.

ಉಳಿದದ್ದು ಕ್ರೀಡೆನ್ಸ್ ಕ್ಲಿಯರ್‌ವಾಟರ್ ರಿವೈವಲ್ ಎಂಬ ರಾಕ್ ತಂಡದ 1970ರ ರೂಪ. ಹನ್ನೊಂದು ನಿಮಿಷ! ಜಾನ್ ಫೋಗರ್ಟಿ ಅವರ ಒರಟು ಕಂಠ ಬೇಗನೆ ತನ್ನ ಪಾಲು ಮುಗಿಸಿ ಗಿಟಾರಿಗೆ ದಾರಿ ಬಿಡುತ್ತದೆ, ಗಿಟಾರ್ ನಿಲ್ಲುವುದೇ ಇಲ್ಲ. ಮನೆಯಲ್ಲಿ ಕೂತು ಕೇಳಿದರೆ ಆಕಳಿಕೆ. ಹೆದ್ದಾರಿಯಲ್ಲಿ ಮಾತ್ರ ಇದು ಉಳಿದ ಮೂರನ್ನೂ ಹಿಂದೆ ಹಾಕುತ್ತದೆ: ಏಳನೆಯ ನಿಮಿಷದ ಹೊತ್ತಿಗೆ ಯಾರು ಯಾರಿಗೆ ಮೋಸ ಮಾಡಿದರೆಂಬುದೇ ಮರೆತುಹೋಗಿ, ಡ್ರಮ್ಮಿನ ಪೆಟ್ಟೊಂದೇ ಕಾರನ್ನು ಓಡಿಸುತ್ತಿರುತ್ತದೆ.