ವಾರಾಂತ್ಯದ ಕಾರು ಪ್ಯಾಕೇಜ್: ವಾಹನ ಚೆನ್ನಾಗಿದೆ, ಯೋಜನೆ ಸರಿಯಿಲ್ಲ

ಬೆಂಗಳೂರಿನಲ್ಲಿರುವ ಅಕ್ಕ ಮತ್ತು ಭಾವ ಬಹಳ ವರ್ಷಗಳ ನಂತರ ಬದಿಯಡ್ಕದ ನಮ್ಮ ಮನೆಗೆ ಬಂದಿದ್ದರು. ಅವರಿಗೂ 76 ವರ್ಷದ ನಮ್ಮ ಅಮ್ಮನಿಗೂ ಕಾಸರಗೋಡು ಜಿಲ್ಲೆಯನ್ನು ಸಾವಕಾಶವಾಗಿ ತೋರಿಸಬೇಕೆಂದು ಇಲ್ಲಿನ ಒಂದು ಟ್ರಾವೆಲ್ಸ್‌ನ ಶನಿವಾರ, ಭಾನುವಾರದ ಪ್ಯಾಕೇಜ್ ಗೊತ್ತುಮಾಡಿದೆ. ಚಾಲಕನ ಭತ್ಯೆ, ಡೀಸೆಲ್ ಎಲ್ಲ ಸೇರಿ 9,500 ರೂಪಾಯಿ. ಎರಡು ದಿನಕ್ಕೆ 300 ಕಿಲೋಮೀಟರ್ ಮಿತಿ. ಏಳು ಸೀಟಿನ ಕಾರು ಶುಚಿಯಾಗಿತ್ತು, ಏಸಿ ಸರಿಯಾಗಿತ್ತು. ವಾಹನದ ಬಗ್ಗೆ ದೂರಿಲ್ಲ. ದೂರು ಇರುವುದು ಅವರು ಮಾಡಿಕೊಟ್ಟ ಪಟ್ಟಿಯ ಬಗ್ಗೆ.

ಶನಿವಾರದ ಪಟ್ಟಿಯಲ್ಲಿ ಮಂಜೇಶ್ವರ, ಅನಂತಪುರ, ಮಧೂರು, ಬೇಕಲ ಎಂಬ ಕ್ರಮವಿತ್ತು. ಊರಿನ ಪರಿಚಯ ಇರುವ ಯಾರಿಗಾದರೂ ಇದರ ತಪ್ಪು ತಕ್ಷಣ ತಿಳಿಯುತ್ತದೆ. ಬದಿಯಡ್ಕದಿಂದ ಕುಂಬಳೆಗೆ ಹೋಗುವ ರಸ್ತೆಯಲ್ಲೇ ನಾಯ್ಕಾಪು ಸಿಗುತ್ತದೆ, ಅಲ್ಲಿಂದಲೇ ಅನಂತಪುರಕ್ಕೆ ತಿರುವು. ಬೆಳಿಗ್ಗೆ ಒಂಬತ್ತೂವರೆಗೆ ನಾವು ಆ ತಿರುವನ್ನು ಹಾಗೆಯೇ ದಾಟಿ ಹೋದೆವು. ನಾನು ಹೇಳಿದಾಗ ಚಾಲಕ ಕಚೇರಿಗೆ ಫೋನ್ ಮಾಡಿ ಕೇಳಿ, "ಮಾಷ್ಟ್ರೇ, ಲಿಸ್ಟಿನಲ್ಲಿ ಇದ್ದ ಹಾಗೆಯೇ ಹೋಗಬೇಕಂತೆ" ಎಂದರು. ನಾನು ಆಗಲೇ ಹಟ ಹಿಡಿಯಬೇಕಿತ್ತು.

ಷಟ್ಪಥವಾಗಿರುವ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಸರ್ವಿಸ್ ರಸ್ತೆಗೆ ಇಳಿಯುವ ಜಾಗ ಒಮ್ಮೆ ತಪ್ಪಿದರೆ ಹಿಂತಿರುಗಲು ಬಹಳ ದೂರ ಹೋಗಬೇಕಾಗುತ್ತದೆ. ಚಾಲಕ ಈ ಭಾಗಕ್ಕೆ ಹೊಸಬರು, ಮೊಬೈಲಿನ ಮ್ಯಾಪನ್ನೇ ನಂಬಿದ್ದರು. ಮಂಜೇಶ್ವರದಲ್ಲಿ ಇಳಿಯದೆ ಗಡಿ ದಾಟಿ ತಲಪಾಡಿ ಟೋಲ್‌ಗೇಟಿನವರೆಗೆ ಹೋಗಿ ತಿರುಗಿ ಬಂದೆವು. 1949ರಲ್ಲಿ ರಾಷ್ಟ್ರಕವಿ ಗೌರವ ಪಡೆದ ಗೋವಿಂದ ಪೈಗಳ ಮನೆ ಇರುವ ಗಿಳಿವಿಂಡಿಗೆ ಕನಿಷ್ಠ ಒಂದು ಗಂಟೆ ಕೊಡಬೇಕೆಂದಿದ್ದೆ. ಕೊಡಲು ಸಾಧ್ಯವಾದದ್ದು ಇಪ್ಪತ್ತು ನಿಮಿಷ.

ಅನಂತಪುರ ತಲಪುವಾಗ ಗಂಟೆ ಒಂದು ಆಗಿತ್ತು, ಮಧ್ಯಾಹ್ನದ ಪೂಜೆ ಮುಗಿದು ಬಾಗಿಲು ಹಾಕಿತ್ತು. ಕೆರೆಯ ನಡುವೆ ಗುಡಿ ಇರುವ ಈ ಕ್ಷೇತ್ರವನ್ನು ತಿರುವನಂತಪುರದ ಪದ್ಮನಾಭಸ್ವಾಮಿಯ ಮೂಲಸ್ಥಾನವೆಂದು ಭಕ್ತರು ನಂಬುತ್ತಾರೆ; 2022ರ ಅಕ್ಟೋಬರಿನಲ್ಲಿ ತೀರಿಕೊಂಡ ಬಬಿಯಾ ಎಂಬ ಮೊಸಳೆ ಇದ್ದದ್ದು ಈ ಕೆರೆಯಲ್ಲೇ. ಕಾದ ಮುರಕಲ್ಲಿನ ನೆಲದಲ್ಲಿ ಚಪ್ಪಲಿ ಕಳಚಿಟ್ಟು, ಅಕ್ಕನ ಭುಜ ಹಿಡಿದುಕೊಂಡು ಅಮ್ಮ ಮುಚ್ಚಿದ ಬಾಗಿಲಿಗೇ ಕೈಮುಗಿದರು. ಮನೆಯಿಂದ ಬಾಳೆಲೆಯಲ್ಲಿ ಸುತ್ತಿ ತಂದಿದ್ದ ಹೂವನ್ನು ಬಿಚ್ಚದೆ ಹಾಗೆಯೇ ಚೀಲದೊಳಗೆ ಇಟ್ಟುಕೊಂಡರು. ಮಧ್ಯಾಹ್ನ ದೇವಸ್ಥಾನಗಳು ಮುಚ್ಚಿರುತ್ತವೆ ಎನ್ನುವುದು ಈ ಜಿಲ್ಲೆಯಲ್ಲಿ ಪ್ರವಾಸ ನಡೆಸುವವರಿಗೆ ತಿಳಿದಿರಲೇಬೇಕಾದ ವಿಷಯ. ಇದೊಂದನ್ನು ನಾನು ಸುಲಭವಾಗಿ ಮರೆಯಲಾರೆ.

ಮಧೂರಿನದ್ದೂ ಇದೇ ಕತೆ. ಮೊದಲು ಬೇಕಲಕ್ಕೆ ಹೋಗಿ ಮರುದಿನ ಮುಂಜಾನೆ ಮಧೂರಿಗೆ ಬರೋಣವೆಂದರೆ, ಕಿಲೋಮೀಟರ್ ಹೆಚ್ಚಾದರೆ ಬೇರೆ ಹಣ ಕೊಡಬೇಕೆಂದು ಕಚೇರಿಯಿಂದ ಉತ್ತರ ಬಂತು. ಕಾಸರಗೋಡಿನಲ್ಲಿ ಊಟ ಮಾಡಿ, ಮಧುವಾಹಿನಿ ಹೊಳೆಯ ಬದಿಯಲ್ಲಿ ಸಂಜೆ ಬಾಗಿಲು ತೆರೆಯುವವರೆಗೆ ಕಾದೆವು. ದರ್ಶನವಾಯಿತು, ಗಜಪೃಷ್ಠಾಕಾರದ ತಾಮ್ರದ ಮಾಡನ್ನು ಸಂಜೆಯ ಬಿಸಿಲಿನಲ್ಲಿ ಭಾವ ಬಹಳ ಹೊತ್ತು ನೋಡಿದರು, ಅಪ್ಪ ಪ್ರಸಾದವೂ ಸಿಕ್ಕಿತು. ಎರಡು ದಿನಗಳಲ್ಲಿ ನೆಮ್ಮದಿಯಿಂದ ಕಳೆದ ಸಮಯವೆಂದರೆ ಇದೇ. ಆದರೆ ಚಂದ್ರಗಿರಿ ಸೇತುವೆ ದಾಟಿ ಬೇಕಲ ಮುಟ್ಟುವಾಗ ಟಿಕೆಟ್ ಕೌಂಟರ್ ಮುಚ್ಚಿತ್ತು. ಸುಮಾರು 1650ರಲ್ಲಿ ಕೆಳದಿಯ ಶಿವಪ್ಪ ನಾಯಕ ಕಟ್ಟಿಸಿದ ಕೋಟೆಯನ್ನು ಅಕ್ಕ ಗೇಟಿನ ಹೊರಗಿನಿಂದ ನೋಡಿ ಹಿಂತಿರುಗಬೇಕಾಯಿತು.

ಭಾನುವಾರ ರಾಣಿಪುರಂ. ಪಾಣತ್ತಡಿಯಲ್ಲಿ ಬೆಟ್ಟಕ್ಕೆ ತಿರುಗಬೇಕು. ಚಾಲಕ ನೇರ ಹೋದರು, ನಾವೂ ಮಾತಿನಲ್ಲಿ ಗಮನಿಸಲಿಲ್ಲ. ಪಾಣತ್ತೂರು ದಾಟಿ ಚೆಂಬೇರಿಯಲ್ಲಿ ಕನ್ನಡದ ಫಲಕಗಳು ಕಂಡಾಗಲೇ ಕೊಡಗಿಗೆ, ಭಾಗಮಂಡಲದ ದಾರಿಗೆ ಬಂದಿದ್ದೇವೆಂದು ಅರಿವಾದದ್ದು. ಅಮ್ಮನನ್ನು ಕೆಳಗೆ ಅಂಗಡಿಯ ನೆರಳಿನಲ್ಲಿ ಕುಳ್ಳಿರಿಸಿ, ಅರಣ್ಯ ಇಲಾಖೆಯ ಟಿಕೆಟ್ ಪಡೆದು ಹತ್ತಲು ತೊಡಗಿದಾಗ ಬಿಸಿಲು ನೆತ್ತಿಗೇರಿತ್ತು. ಕಾಡಿನ ನೆರಳು ಮುಗಿದು ಹುಲ್ಲುಗಾವಲು ತೆರೆದುಕೊಳ್ಳುವಲ್ಲಿಗೆ ಅಕ್ಕ ಸೋತರು. ತುದಿಗೆ ಹೋಗದೆ ಇಳಿದೆವು.

ಚಾಲಕನನ್ನು ನಾನು ದೂರುವುದಿಲ್ಲ. ದಾರಿ ತಪ್ಪಿದಾಗಲೆಲ್ಲ ಅವರು ಒಪ್ಪಿಕೊಂಡರು, ಅಮ್ಮನಿಗೆ ಹತ್ತಿ ಇಳಿಯಲು ತಾವೇ ಕೈ ಕೊಟ್ಟರು. ಪರಿಚಯವಿಲ್ಲದ ದಾರಿಗೆ ಅವರನ್ನು ಕಳುಹಿಸಿ, ಪಟ್ಟಿ ಬದಲಾಯಿಸುವ ಅಧಿಕಾರವನ್ನೂ ಕೊಡದೆ ಇದ್ದದ್ದು ಕಚೇರಿಯವರ ತಪ್ಪು. ದಾರಿ ತಪ್ಪಿ ಓಡಿದ 42 ಕಿಲೋಮೀಟರಿಗೂ ಹೆಚ್ಚುವರಿ ಹಣ ಕೇಳಿದರು. ವಾದಿಸಿದ ನಂತರ ಬಿಟ್ಟರು. ಇವರಿಂದ ಕಾರು ಮತ್ತು ಚಾಲಕನನ್ನು ಮಾತ್ರ ಪಡೆಯಿರಿ. ದಾರಿಯನ್ನು ನೀವೇ ಬರೆದುಕೊಡಿ, ದೇವಸ್ಥಾನಗಳನ್ನು ಹತ್ತು ಗಂಟೆಯೊಳಗೆ ಮುಗಿಸಿ, ಮಧ್ಯಾಹ್ನದ ನಂತರದ ಹೊತ್ತನ್ನು ಪೂರ್ತಿ ಬೇಕಲಕ್ಕೆ ಇಡಿ, ಬದಲಾವಣೆಗೆ ಹಣ ಕೇಳುವುದಿಲ್ಲವೆಂದು ಮುಂಗಡ ಕೊಡುವ ಮೊದಲೇ ಬರೆಸಿಕೊಳ್ಳಿ.

ಅಕ್ಕ ಮತ್ತು ಭಾವ ಭಾನುವಾರ ರಾತ್ರಿಯ ಬಸ್ಸಿಗೆ ಹೊರಟರು. ಅಮ್ಮನನ್ನು ಬರುವ ಶನಿವಾರ ಬೆಳಿಗ್ಗೆ ನಮ್ಮ ಪೇಟೆಯ ಆಟೋದಲ್ಲೇ ಅನಂತಪುರಕ್ಕೆ ಕರೆದೊಯ್ಯುತ್ತೇನೆ.