ಬೈಕಿಗೆ ವರ್ಷಕ್ಕೊಂದು ಎಂಓಟಿ: ಕವೆಂಟ್ರಿಯಿಂದ ಒಬ್ಬ ಹಳೇ ಬಳಕೆದಾರನ ಅಭಿಪ್ರಾಯ

ಬ್ರಿಟನ್ನಿನಲ್ಲಿ ಬೈಕ್ ಇಟ್ಟುಕೊಂಡವರಿಗೆ ಎಂಓಟಿ ಟೆಸ್ಟ್, ಅಂದರೆ ಗಾಡಿ ರಸ್ತೆಯಲ್ಲಿ ಓಡಿಸೋಕೆ ಸುರಕ್ಷಿತವಾಗಿದೆಯಾ ಅಂತ ನೋಡುವ ಕಡ್ಡಾಯ ತಪಾಸಣೆ, ತಪ್ಪಿದ್ದಲ್ಲ. ಗಾಡಿ ರಿಜಿಸ್ಟರ್ ಆಗಿ ಮೂರು ವರ್ಷ ತುಂಬಿದಾಗ ಮೊದಲನೆಯದು, ಆಮೇಲೆ ಪ್ರತಿ ವರ್ಷ. (ಉತ್ತರ ಐರ್ಲೆಂಡಿನ ಲೆಕ್ಕ ಬೇರೆ.) ನಾನು ಇಂಗ್ಲೆಂಡಿನ ಕವೆಂಟ್ರಿಯಲ್ಲಿ ಹಲವು ವರ್ಷಗಳಿಂದ ಒಂದೇ ಬೈಕ್ ಓಡಿಸುತ್ತಿದ್ದೇನೆ. 500 ಸಿಸಿಯ, ಎರಡು ಸಿಲಿಂಡರಿನ ಜಪಾನಿ ಗಾಡಿ. ಮಳೆ, ಚಳಿ ಅಂತ ನೋಡದೆ ದಿನಾ ಕೆಲಸಕ್ಕೆ ಅದರಲ್ಲೇ ಹೋಗುತ್ತೇನೆ. ಈ ವಿಮರ್ಶೆ ಬೈಕಿನದ್ದಲ್ಲ, ಅದನ್ನು ವರ್ಷಾ ವರ್ಷಾ ನೋಡುವ ಟೆಸ್ಟಿನದ್ದು. ಗಾಡಿಗಾಗಿ ನಾನು ಖರ್ಚು ಮಾಡುವ ದುಡ್ಡಿನಲ್ಲಿ ಅತಿ ಹೆಚ್ಚು ಉಪಯೋಗಕ್ಕೆ ಬಂದಿರುವುದು ಈ ಟೆಸ್ಟಿನ ಫೀಸೇ.

ಫೀಸು ಜಾಸ್ತಿ ಏನಿಲ್ಲ. ಸೈಡ್‌ಕಾರ್ ಇಲ್ಲದ ಬೈಕಿಗೆ ಗರಿಷ್ಠ 29.65 ಪೌಂಡ್ ಅಂತ ಸರ್ಕಾರವೇ ಗೊತ್ತು ಮಾಡಿದೆ. ಅದಕ್ಕಿಂತ ಜಾಸ್ತಿ ಯಾರೂ ಕೇಳುವ ಹಾಗಿಲ್ಲ, ಕಮ್ಮಿಗೆ ಮಾಡಿಕೊಡುವವರಿದ್ದಾರೆ. ಟೆಸ್ಟ್ ಮಾಡುವುದು ಖಾಸಗಿ ಗ್ಯಾರೇಜು, ಅದಕ್ಕೆ ಲೈಸೆನ್ಸ್ ಕೊಟ್ಟು ಕಣ್ಣಿಡುವುದು ಡಿವಿಎಸ್‌ಎ ಅನ್ನುವ ಸರ್ಕಾರಿ ಸಂಸ್ಥೆ. 1960ರಲ್ಲಿ ಇದು ಶುರುವಾದಾಗ ಹತ್ತು ವರ್ಷ ದಾಟಿದ ಗಾಡಿಗಳಿಗೆ ಮಾತ್ರ ಇತ್ತು. 1967ರಲ್ಲಿ ಮೂರು ವರ್ಷಕ್ಕೆ ಇಳಿಸಿದರು. ಎಂಓಟಿ ಇಲ್ಲದೆ ರಸ್ತೆಗಿಳಿದರೆ 1000 ಪೌಂಡ್‌ವರೆಗೂ ದಂಡ ಬೀಳಬಹುದು.

ಹೊಸದಾಗಿ ಇಲ್ಲಿಗೆ ಬಂದವರು ಒಂದು ವಿಷಯ ತಿಳಿದಿರಿ. ಅವಧಿ ಮುಗಿಯುವ ಹತ್ತಿರ ಹತ್ತಿರ ಒಂದು ತಿಂಗಳ ಮೊದಲೇ ಟೆಸ್ಟ್ ಮಾಡಿಸಬಹುದು. ಹಾಗೆ ಮಾಡಿಸಿದರೂ ಮುಂದಿನ ವರ್ಷದ ತಾರೀಖು ಬದಲಾಗುವುದಿಲ್ಲ. ನಾನು ಯಾವಾಗಲೂ ಹೀಗೇ ಮಾಡುತ್ತೇನೆ. ಒಂದು ವೇಳೆ ಫೇಲಾದರೆ ಸ್ಪೇರ್ ತರಿಸಿ ಹಾಕಿಸೋಕೆ ಟೈಮ್ ಸಿಗುತ್ತದೆ. ಗಾಡಿಯನ್ನು ಅಲ್ಲೇ ಬಿಟ್ಟು ರಿಪೇರಿ ಮಾಡಿಸಿದರೆ 10 ಕೆಲಸದ ದಿನಗಳೊಳಗೆ ಮರುಪರೀಕ್ಷೆ ಪುಕ್ಕಟೆ.

2018ರ ಮೇ ತಿಂಗಳಿಂದ ದೋಷಗಳನ್ನು ಮೂರು ಥರ ಬರೆಯುತ್ತಾರೆ: ಡೇಂಜರಸ್, ಮೇಜರ್, ಮೈನರ್. ಮೊದಲ ಎರಡರಲ್ಲಿ ಯಾವುದು ಬಂದರೂ ಫೇಲ್. ಡೇಂಜರಸ್ ಅಂತ ಬಂದರೆ ರಿಪೇರಿ ಆಗೋವರೆಗೂ ಗಾಡಿ ರಸ್ತೆಗಿಳಿಸುವ ಹಾಗೇ ಇಲ್ಲ. ಮೈನರ್ ಇದ್ದರೆ ಪಾಸು, ಆದರೆ ಬೇಗ ಸರಿ ಮಾಡಿಸಬೇಕು. ಇವಲ್ಲದೆ ಅಡ್ವೈಸರಿ ಅಂತ ಇನ್ನೊಂದಿದೆ. ಈಗ ಪರವಾಗಿಲ್ಲ, ಮುಂದೆ ತೊಂದರೆ ಕೊಡಬಹುದು, ಒಂದು ಕಣ್ಣಿಡಿ ಅನ್ನುವ ಸೂಚನೆ ಅದು. ನನ್ನ ಪ್ರಕಾರ ಇಡೀ ಟೆಸ್ಟಿನಲ್ಲಿ ಬೆಲೆಬಾಳುವ ಭಾಗ ಇದೇ.

ಬೈಕ್‌ಗಳು ಫೇಲಾಗುವುದು ಎಲ್ಲಕ್ಕಿಂತ ಜಾಸ್ತಿ ಲೈಟಿನಲ್ಲಿ. ಕೇಳಿದರೆ ಸಣ್ಣ ವಿಷಯ ಅನ್ನಿಸುತ್ತದೆ ಅಲ್ವಾ? ಆದರೆ ಬೈಕಿನ ಬಲ್ಬು ಕಾರಿನ ಬಲ್ಬಿಗಿಂತ ಹೆಚ್ಚು ನಡುಗುತ್ತದೆ, ವೈರಿಂಗಿಗೆ ಮಳೆ ನೀರು ನೇರ ಬೀಳುತ್ತದೆ. ನಮ್ಮ ಕಣ್ಣಿಗೆ ಸುಲಭವಾಗಿ ಬೀಳದ್ದು ಬ್ರೇಕ್ ಲೈಟಿನ ಸ್ವಿಚ್ಚು. ಈ ಕಾಲದ ಬೈಕಿನಲ್ಲಿ ಮುಂದಿನ ಲಿವರ್ ಹಿಡಿದರೂ ಲೈಟ್ ಹತ್ತಬೇಕು, ಹಿಂದಿನ ಪೆಡಲ್ ಒತ್ತಿದರೂ ಹತ್ತಬೇಕು. ಲಿವರಿನ ಬುಡದಲ್ಲಿರುವ ಆ ಚಿಕ್ಕ ಸ್ವಿಚ್ಚಿಗೆ ನೀರು, ಕೊಳೆ ಸೇರಿ ಅಂಟಿಕೊಂಡರೆ ಮುಂದಿನ ಬ್ರೇಕಿಗೆ ಲೈಟೇ ಬರುವುದಿಲ್ಲ. ಓಡಿಸುವವನಿಗೆ ಅದು ಗೊತ್ತೇ ಆಗುವುದಿಲ್ಲ, ಹಿಂದೆ ಬರುವ ಲಾರಿಯವನಿಗೂ ನಾವು ನಿಲ್ಲಿಸುತ್ತಿದ್ದೇವೆ ಅಂತ ಗೊತ್ತಾಗುವುದಿಲ್ಲ. ಹೆಡ್‌ಲೈಟಿನ ಬೆಳಕು ಬೀಳುವ ಎತ್ತರವನ್ನೂ ಅಳೆಯುತ್ತಾರೆ. ಹಿಂದೆ ಯಾರನ್ನೋ ಕೂರಿಸಿಕೊಳ್ಳಲು ಶಾಕ್ಸ್ ಟೈಟ್ ಮಾಡಿದ್ದರೆ ಬೆಳಕಿನ ಮಟ್ಟ ಬದಲಾಗುತ್ತದೆ. ಒಂದು ಸ್ಕ್ರೂ ತಿರುಗಿಸಿದರೆ ಮುಗಿಯುವ ಕೆಲಸ, ಆದರೆ ಅಷ್ಟಕ್ಕೇ ಫೇಲಾಗುತ್ತದೆ.

ಲೈಟಾದ ಮೇಲೆ ಬ್ರೇಕು. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಯಾಕಂದ್ರೆ ಇಲ್ಲಿನ ಚಳಿಗಾಲ ಬ್ರೇಕಿಗೆ ಕೊಡುವ ಕಾಟ ಊರಲ್ಲಿ ಗಾಡಿ ಓಡಿಸಿದವರಿಗೆ ಅಂದಾಜಿಗೇ ಬರುವುದಿಲ್ಲ. ಮಂಜು ಕಟ್ಟಬಾರದು ಅಂತ ರಸ್ತೆಗೆ ಉಪ್ಪು ಚೆಲ್ಲುತ್ತಾರೆ. ಆ ಉಪ್ಪುನೀರು ಮುಂದಿನ ಚಕ್ರದಿಂದ ಚಿಮ್ಮಿ ಕ್ಯಾಲಿಪರ್ (ಬ್ರೇಕ್ ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಭಾಗ) ಒಳಗೆ ಹೋಗಿ ಕೂರುತ್ತದೆ. ಪಿಸ್ಟನ್ ಮೇಲೆ ಬಿಳಿ ಪುಡಿಯಂಥ ಕಿಲುಬು ಕಟ್ಟುತ್ತದೆ. ಪ್ಯಾಡ್ ಹಿಂದೆ ಮುಂದೆ ಸರಿಯಬೇಕಾದ ಪಿನ್ನುಗಳು ಒಣಗಿ ಬಿಗಿಯುತ್ತವೆ. ಬ್ರೇಕ್ ಹಿಡಿದರೆ ಹಿಡಿಯುತ್ತದೆ, ಬಿಟ್ಟರೆ ಪೂರ್ತಿ ಬಿಡುವುದಿಲ್ಲ.

ಒಂದು ವರ್ಷ ನನ್ನ ಗಾಡಿಗೂ ಹೀಗೇ ಆಯಿತು. ಟೆಸ್ಟರ್ ಮುಂದಿನ ಚಕ್ರವನ್ನು ನೆಲದಿಂದ ಎತ್ತಿ ಕೈಯಲ್ಲಿ ತಿರುಗಿಸಿದರು, ಸಲೀಸಾಗಿ ತಿರುಗಿತು. ಲಿವರ್ ಒಂದು ಸಲ ಒತ್ತಿ ಬಿಟ್ಟು ಮತ್ತೆ ತಿರುಗಿಸಿದರು. ಈಗ ಅರ್ಧ ಸುತ್ತಿಗೇ ಸರ್ ಅಂತ ಸದ್ದು ಮಾಡಿ ನಿಂತಿತು. ನನ್ನನ್ನು ಹತ್ತಿರ ಕರೆದು ಟಾರ್ಚ್ ಬಿಟ್ಟು ಪ್ಯಾಡ್ ತೋರಿಸಿದರು. ಒಂದು ಪ್ಯಾಡು ದಪ್ಪಗಿತ್ತು, ಅದರ ಜೋಡಿ ಅರ್ಧಕ್ಕಿಂತ ಜಾಸ್ತಿ ಸವೆದಿತ್ತು. ಒಂದು ಕಡೆಯ ಪ್ಯಾಡ್ ಮಾತ್ರ ಸವೆದಿದ್ದರೆ ಕ್ಯಾಲಿಪರ್ ಸರಿಯಾಗಿ ಜಾರುತ್ತಿಲ್ಲ ಅಂತ ಅರ್ಥ. ಬಿಚ್ಚಿ, ತೊಳೆದು, ಹೊಸ ಸೀಲ್ ಹಾಕಿ, ಪಿನ್ನಿಗೆ ಬ್ರೇಕಿನ ಗ್ರೀಸ್ ಹಚ್ಚಿದ ಮೇಲೆ ಮತ್ತೆ ತೊಂದರೆ ಬಂದಿಲ್ಲ. ಅಂದಿನಿಂದ ಚಳಿಗಾಲದಲ್ಲಿ ಮನೆಗೆ ಬಂದ ಕೂಡಲೇ ತಣ್ಣೀರು ಬಿಟ್ಟು ಗಾಡಿಯ ಕೆಳಭಾಗ ತೊಳೆಯುತ್ತೇನೆ. ಬಿಸಿನೀರು ಬೇಡ, ಬಿಸಿಗೆ ಉಪ್ಪಿನ ಕೆಲಸ ಇನ್ನೂ ಜೋರಾಗುತ್ತದೆ.

ಕೈಯಲ್ಲಿ ನೋಡಿದ ಮೇಲೆ ರೋಲರ್ ಮೇಲೆ ನಿಲ್ಲಿಸಿ ಬ್ರೇಕಿನ ಬಲ ಅಳೆಯುತ್ತಾರೆ. ಗಾಡಿ ಮತ್ತು ಸವಾರ ಸೇರಿದ ತೂಕದ ಲೆಕ್ಕದಲ್ಲಿ ಒಂದು ಬ್ರೇಕು ಕನಿಷ್ಠ 30%, ಇನ್ನೊಂದು 25% ಕೊಡಬೇಕು. ಇದು ತೀರಾ ಕೆಳಗಿನ ಮಿತಿ. ಒಳ್ಳೆ ಸ್ಥಿತಿಯಲ್ಲಿರುವ ಮುಂದಿನ ಡಿಸ್ಕ್ ಬ್ರೇಕು ಇದನ್ನು ಸಲೀಸಾಗಿ ದಾಟುತ್ತದೆ. ಹಾಗಾಗಿ ಪಾಸಾಯಿತು ಅಂತ ಖುಷಿಪಟ್ಟು ಸುಮ್ನೆ ಬರಬೇಡಿ, ಎಷ್ಟು ಬಂತು ಅಂತ ಕೇಳಿ. ಹೋದ ವರ್ಷಕ್ಕಿಂತ ಕಮ್ಮಿ ಇದ್ದರೆ ಯಾಕೆ ಅಂತ ಯೋಚಿಸಿ.

ಇನ್ನು ಹ್ಯಾಂಡಲ್. ನಮ್ಮ ಮೆಕ್ಯಾನಿಕ್‌ಗಳು ಕೋನ್ ಸೆಟ್ ಅನ್ನುತ್ತಾರಲ್ಲ, ಹ್ಯಾಂಡಲ್ ತಿರುಗುವ ಜಾಗದ ಬೇರಿಂಗ್, ಅದರ ಪರೀಕ್ಷೆ ನನಗೆ ತುಂಬಾ ಇಷ್ಟ. ಯಾವ ಯಂತ್ರವೂ ಬೇಡ. ಮುಂದಿನ ಚಕ್ರ ಗಾಳಿಯಲ್ಲಿರಬೇಕು ಅಷ್ಟೇ. ಹ್ಯಾಂಡಲನ್ನು ಎರಡು ಬೆರಳಲ್ಲಿ ನಿಧಾನವಾಗಿ ಆ ಕಡೆಯಿಂದ ಈ ಕಡೆಗೆ ತಿರುಗಿಸುತ್ತಾರೆ. ಬೇರಿಂಗ್ ಚೆನ್ನಾಗಿದ್ದರೆ ಎಲ್ಲೂ ತಡೆಯಿಲ್ಲದೆ ಬರುತ್ತದೆ. ಸವೆದಿದ್ದರೆ ನೇರ ನಡುವಿಗೆ ಬಂದಾಗ ಟಕ್ ಅಂತ ಒಂದು ಗುಳಿಗೆ ಬಿದ್ದ ಹಾಗಾಗುತ್ತದೆ. ನೇರ ಓಡಿಸುವಾಗ ಬೇರಿಂಗು ಅದೇ ಜಾಗದಲ್ಲಿ ಏಟು ತಿಂದು ತಿಂದು ಅಲ್ಲಿ ತಗ್ಗು ಬಿದ್ದಿರುತ್ತದೆ. ಆಮೇಲೆ ಮುಂದಿನ ಚಕ್ರವನ್ನು ಹಿಡಿದಿರುವ ಫೋರ್ಕಿನ ಕೆಳತುದಿ ಹಿಡಿದು ಹಿಂದೆ ಮುಂದೆ ಎಳೆದು ಲೂಸ್ ಇದೆಯಾ ಅಂತ ನೋಡುತ್ತಾರೆ. ಅದೇ ಹೊತ್ತಿಗೆ ಫೋರ್ಕ್ ರಾಡ್ ಮೇಲೆ ಆಯಿಲ್ ಪಸೆ ಇದ್ದರೆ ಸೀಲ್ ಹೋಗಿದೆ ಅಂತ ಗೊತ್ತಾಗುತ್ತದೆ. ಸೀಲಿನ ಆಯಿಲ್ ಕೆಳಗಿಳಿದು ಬ್ರೇಕ್ ಡಿಸ್ಕ್ ತಲುಪಿದರೆ ಏನಾಗುತ್ತದೆ ಅಂತ ಬೇರೆ ಹೇಳಬೇಕಾಗಿಲ್ಲ.

ಟೈರಿಗೆ 50 ಸಿಸಿ ಮೇಲಿನ ಬೈಕಿನಲ್ಲಿ ಮುಕ್ಕಾಲು ಅಗಲಕ್ಕೆ ಕನಿಷ್ಠ 1 ಮಿಲಿಮೀಟರ್ ಆಳದ ಗ್ರಿಪ್ ಇರಬೇಕು ಅನ್ನುತ್ತದೆ ಕಾನೂನು. ಇಲ್ಲಿನ ಮಳೆಗೆ ಅದು ಸಾಲದು, ನಾನು 2 ಮಿಲಿಮೀಟರ್‌ಗೇ ಬದಲಾಯಿಸುತ್ತೇನೆ. ಬರೀ ಹೈವೇ ಓಡಾಟವಾದರೆ ಹಿಂದಿನ ಟೈರ್ ನಡುವೆ ಚಪ್ಪಟೆಯಾಗುತ್ತದೆ, ತಿರುವಿನಲ್ಲಿ ಗಾಡಿ ವಾಲುವಾಗ ಒಂಥರಾ ಹಿಂಜರಿಯುತ್ತದೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ. 2319 ಅಂತಿದ್ದರೆ 2019ರ 23ನೇ ವಾರ ತಯಾರಾದದ್ದು. ವಯಸ್ಸಾದ ಮಾತ್ರಕ್ಕೆ ಫೇಲ್ ಮಾಡುವುದಿಲ್ಲ, ಹಾಗಾಗಿ ಅದನ್ನು ನಾವೇ ನೋಡಿಕೊಳ್ಳಬೇಕು. ಚೈನು ಜೋತು ಬಿದ್ದಿದ್ದರೆ, ಸ್ಪ್ರಾಕೆಟ್ ಹಲ್ಲು ಕುಡುಗೋಲಿನ ಹಾಗೆ ಬಾಗಿದ್ದರೆ ಸುಲಭವಾಗಿ ಸಿಕ್ಕಿಬೀಳುತ್ತದೆ. ರಸ್ತೆಗಲ್ಲ ಅಂತ ಮೇಲೆ ಬರೆದಿರುವ ರೇಸ್ ಸೈಲೆನ್ಸರ್ ಹಾಕಿದ್ದರೂ ಫೇಲ್. ಆ ನಿಯಮಕ್ಕೆ ನನ್ನ ಪೂರ್ತಿ ಬೆಂಬಲವಿದೆ.

ಈ ಟೆಸ್ಟಿಗೆ ಕಾಣದ್ದೂ ಬಹಳ ಇದೆ. ಇಂಜಿನ್, ಕ್ಲಚ್, ಗೇರ್‌ಬಾಕ್ಸ್ ಸ್ಥಿತಿ ನೋಡುವುದಿಲ್ಲ. ಯಾವ ಭಾಗವನ್ನೂ ಬಿಚ್ಚುವುದಿಲ್ಲ. ಬೈಕಿಗೆ ಹೊಗೆ ಅಳೆಯುವ ಯಂತ್ರವನ್ನೂ ಹಚ್ಚುವುದಿಲ್ಲ. ಅದಕ್ಕೇ ಎಂಓಟಿ ಆಗಿದೆ ಅಂದ ಮಾತ್ರಕ್ಕೆ ಸರ್ವಿಸ್ ಆಗಿದೆ ಅಂತಲ್ಲ. ಆಯಿಲ್ ಕಾಣದ ಇಂಜಿನ್ನೂ ಪಾಸಾಗಬಹುದು. ಆದರೂ ನನ್ನ ಗಾಡಿಯ ವಿಷಯದಲ್ಲಿ ಇಂಜಿನ್ ಒಂದು ದಿನವೂ ಕೈಕೊಟ್ಟಿಲ್ಲ. ಖರ್ಚೆಲ್ಲ ಬಂದಿರುವುದು ಬ್ರೇಕು, ಬೇರಿಂಗು, ಸೀಲು, ಚೈನು, ಟೈರಿನಿಂದಲೇ. ಒಂದು ಬೈಕನ್ನು ನಂಬಬಹುದಾ ಅಂತ ಕೇಳುವವರು ಇಂಜಿನ್ ಬಗ್ಗೆ ಮಾತ್ರ ಕೇಳುತ್ತಾರೆ, ಈ ಸಾಮಾನುಗಳ ಬಗ್ಗೆ ಕೇಳುವುದೇ ಇಲ್ಲ.

ಅಡ್ವೈಸರಿಯ ಬೆಲೆ ಗೊತ್ತಾಗುವುದು ಹಲವು ವರ್ಷದ್ದನ್ನು ಒಟ್ಟಿಗೆ ಇಟ್ಟು ಓದಿದಾಗ. ಯಾವುದೇ ಗಾಡಿಯ ನಂಬರ್ ಹಾಕಿದರೆ ಅದರ ಹಳೆಯ ಎಂಓಟಿಗಳೆಲ್ಲ ಸರ್ಕಾರದ ವೆಬ್‌ಸೈಟಿನಲ್ಲಿ ಪುಕ್ಕಟೆಯಾಗಿ ಸಿಗುತ್ತವೆ. ಯಾವಾಗ ಫೇಲಾಯಿತು, ಯಾಕೆ, ಆಗ ಎಷ್ಟು ಮೈಲಿ ಓಡಿತ್ತು, ಎಲ್ಲ ಇರುತ್ತದೆ. ಸೆಕೆಂಡ್ ಹ್ಯಾಂಡ್ ಬೈಕ್ ಕೊಳ್ಳುವವರು ಮೊದಲು ಇದನ್ನು ನೋಡಿ. ಮೀಟರ್ ತಿರುಗಿಸಿದ್ದರೆ ಮೈಲಿಯ ಲೆಕ್ಕದಲ್ಲೇ ಬಯಲಾಗುತ್ತದೆ. ಮೂರು ವರ್ಷ ಸತತವಾಗಿ ಫೋರ್ಕಿನ ಸೀಲ್ ಒದ್ದೆ ಅಂತ ಬರೆದಿದ್ದರೆ ಮಾಲೀಕ ಎಂಥವನು ಅಂತ ಗೊತ್ತಾಯಿತಲ್ಲ. ಒಂದು ವರ್ಷ ಬರೆದು ಮುಂದಿನ ವರ್ಷ ಮಾಯವಾಗಿದ್ದರೆ ಅಂಥವನ ಗಾಡಿಗೆ ಸ್ವಲ್ಪ ಜಾಸ್ತಿ ದುಡ್ಡು ಕೊಟ್ಟರೂ ನಷ್ಟವಿಲ್ಲ.

ನನ್ನ ದೂರು ಇರುವುದು ಒಂದೇ ವಿಷಯಕ್ಕೆ. ಟೆಸ್ಟ್ ಮಾಡುವ ಗ್ಯಾರೇಜೇ ರಿಪೇರಿಯನ್ನೂ ಮಾಡುತ್ತದೆ. ಒಮ್ಮೆ ಒಂದು ಕಡೆ ನನ್ನ ಹಿಂದಿನ ವೀಲ್ ಬೇರಿಂಗ್ ಹೋಗಿದೆ, ಇವತ್ತೇ ಹಾಕಿಸಿ ಅಂದರು. ಚಕ್ರ ಅಲ್ಲಾಡಿಸಿ ತೋರಿಸಿ ಅಂದಾಗ ಏನೂ ಅಲ್ಲಾಡಲಿಲ್ಲ. ಅಲ್ಲಿಗೆ ಮತ್ತೆ ಹೋಗಿಲ್ಲ. ಕೆಲವು ಕೌನ್ಸಿಲ್‌ಗಳು (ಇಲ್ಲಿನ ಸ್ಥಳೀಯ ಆಡಳಿತಗಳು) ತಮ್ಮದೇ ಟೆಸ್ಟ್ ಸೆಂಟರ್ ನಡೆಸುತ್ತವೆ, ಅಲ್ಲಿ ರಿಪೇರಿ ವ್ಯಾಪಾರ ಇಲ್ಲ. ಬೈಕ್ ತಗೊಳ್ಳುತ್ತಾರಾ ಅಂತ ಕೇಳಿಕೊಂಡು ಹೋಗಿ. ಫೇಲ್ ಮಾಡಿದ್ದು ಸರಿಯಿಲ್ಲ ಅನ್ನಿಸಿದರೆ 14 ಕೆಲಸದ ದಿನಗಳೊಳಗೆ ಡಿವಿಎಸ್‌ಎಗೆ ಮೇಲ್ಮನವಿ ಕೊಡಬಹುದು. ಅಲ್ಲಿವರೆಗೆ ಆ ಭಾಗವನ್ನು ಮುಟ್ಟಬೇಡಿ.

ಹಾಸನದಲ್ಲಿರುವ ನನ್ನ ತಮ್ಮನಿಗೆ ಇದೆಲ್ಲ ಹೇಳಿದಾಗ, "ಅಣ್ಣ, ಇಲ್ಲಿ ಎಮಿಷನ್ ಒಂದು ಮಾಡಿಸಿದ್ರೆ ಆಯ್ತು, ಬ್ರೇಕ್ ಯಾರು ನೋಡ್ತಾರೆ?" ಅಂದ. ಅವನು ಹೇಳಿದ್ದು ನಿಜ. ನಮ್ಮಲ್ಲಿ ಸ್ವಂತದ ಬೈಕಿಗೆ ಆರ್‌ಸಿ 15 ವರ್ಷ ನಡೆಯುತ್ತದೆ. ಆಮೇಲೆ ಗಾಡಿ ತೋರಿಸಿ 5 ವರ್ಷಕ್ಕೊಮ್ಮೆ ರಿನ್ಯೂವಲ್. ನಡುವೆ ಕಡ್ಡಾಯವಾಗಿ ಪರೀಕ್ಷೆಯಾಗುವುದು ಹೊಗೆ ಮಾತ್ರ. ಇಲ್ಲಿ ಬೈಕಿನ ಬ್ರೇಕ್ ನೋಡಿ ಹೊಗೆಯನ್ನು ಬಿಟ್ಟುಬಿಡುತ್ತಾರೆ, ಅಲ್ಲಿ ಹೊಗೆ ನೋಡಿ ಬ್ರೇಕನ್ನು ಬಿಟ್ಟುಬಿಡುತ್ತಾರೆ. ನಮ್ಮ ಹಂಪು, ಗುಂಡಿಗಳಿಗೆ ಕೋನ್ ಸೆಟ್ಟೂ ಫೋರ್ಕ್ ಸೀಲೂ ಇಲ್ಲಿಗಿಂತ ಬೇಗ ಹೋಗುತ್ತವೆ. ಕರಾವಳಿಯಲ್ಲಾದರೆ ಉಪ್ಪುಗಾಳಿ ವರ್ಷವಿಡೀ ಇರುತ್ತದೆ.

ಅದಕ್ಕೆ ತಮ್ಮನಿಗೆ ಒಂದು ಕ್ರಮ ಹೇಳಿಕೊಟ್ಟಿದ್ದೇನೆ. ಎಮಿಷನ್ ಮಾಡಿಸುವ ದಿನವೇ ಗಾಡಿಯನ್ನು ಪರಿಚಯದ ಮೆಕ್ಯಾನಿಕ್ ಹತ್ತಿರ ಒಯ್ದು, ಸೆಂಟರ್ ಸ್ಟ್ಯಾಂಡ್ ಹಾಕಿಸಿ, ಮುಂದಿನ ಚಕ್ರ ಎತ್ತಿಸಿ ಹ್ಯಾಂಡಲ್ ತಿರುಗಿಸಿ ನೋಡುವುದು. ಎರಡೂ ಚಕ್ರ ಕೈಯಲ್ಲಿ ತಿರುಗಿಸಿ, ಬ್ರೇಕ್ ಒತ್ತಿ ಬಿಟ್ಟು ಮತ್ತೆ ತಿರುಗಿಸುವುದು. ಗೋಡೆಗೆ ಬೆನ್ನು ಮಾಡಿ ಗಾಡಿ ನಿಲ್ಲಿಸಿ ಎರಡೂ ಬ್ರೇಕಿಗೆ ಲೈಟ್ ಬೀಳುತ್ತದಾ ನೋಡುವುದು. ಕಂಡದ್ದನ್ನು ತಾರೀಖು, ಕಿಲೋಮೀಟರ್ ಸಮೇತ ಫೋನಿನಲ್ಲಿ ಬರೆದಿಡುವುದು. ಮೊದಲ ಸಲವೇ ಹಿಂದಿನ ಬ್ರೇಕ್ ಪೆಡಲಿನ ಸ್ವಿಚ್ ಸತ್ತಿರುವುದು ಸಿಕ್ಕಿತು. ಅಂಗಡಿಯಲ್ಲಿ ಕಮ್ಮಿ ದುಡ್ಡಿಗೆ ಸಿಗುವ ಸಾಮಾನು, ಅವತ್ತೇ ಹಾಕಿಸಿದ.