ತೆಂಗಿನಕಾಯಿ ನೀರಿನ ವಿನೆಗರ್: ಮಾಲು ಒಳ್ಳೆದುಂಟು, ಲೇಬಲ್ ಓದ್ಬೇಡಿ

ಕಾಸರಗೋಡು ಜಿಲ್ಲೆಯ ಬದಿಯಡ್ಕ ಪೇಟೆಯಲ್ಲಿ ಈಗ ತೆಂಗಿನಕಾಯಿ ನೀರಿನ ವಿನೆಗರ್ ಸಿಗ್ತದೆ, ನಮ್ಮ ಕಡೆಯದ್ದೇ ಒಂದು ಸಣ್ಣ ಯುನಿಟ್‌ನದ್ದು, ಹೆಸರು ಹಾಕುದಿಲ್ಲ ಯಾಕಂದ್ರೆ ಕೆಳಗೆ ಸ್ವಲ್ಪ ಬೈಲಿಕ್ಕೂ ಉಂಟು. ತಗೊಳ್ಬಹುದಾ ಕೇಳಿದ್ರೆ ಧಾರಾಳ ತಗೊಳ್ಳಿ.

ಇದು ಕಳ್ಳಿನ ವಿನೆಗರ್ ಅಲ್ಲ, ತುಂಬಾ ಜನ ಹಾಗೇ ತಿಳ್ಕೊಂಡಿದ್ದಾರೆ. ಬೊಂಡದ ನೀರೂ ಅಲ್ಲ. ಕೊಪ್ಪರ ಮಾಡುವಲ್ಲಿ ಬೆಳೆದ ಕಾಯಿ ಒಡೆದು ಚೆಲ್ಲುವ ನೀರುಂಟಲ್ಲ, ಅದು. ಕುಡಿಲಿಕ್ಕೆ ಯಾರಿಗೂ ಬೇಡ, ಮರುದಿನಕ್ಕೆ ನಾತ, ತೋಡಿಗೆ ಬಿಟ್ರೆ ಅದ್ರ ಸಕ್ಕರೆಗೆ ಬ್ಯಾಕ್ಟೀರಿಯ ಮುತ್ತಿ ನೀರಿನ ಆಕ್ಸಿಜನ್ ಎಲ್ಲ ಎಳ್ಕೊಂಡು ಮೀನಿಗೆ ಉಸಿರಿಲ್ಲ. ಇವ್ರು ಅದಕ್ಕೇ ಯೀಸ್ಟ್ ಹಾಕಿ ಮೊದ್ಲು ಆಲ್ಕೋಹಾಲ್ ಮಾಡ್ತಾರೆ, ಮತ್ತೆ ಅದನ್ನು ಜೋಳದ ದಿಂಡು ತುಂಬಿಸಿದ ಡ್ರಮ್ಮಿನ ಮೇಲಿಂದ ಹನಿ ಹನಿಯಾಗಿ ಇಳಿಸ್ತಾರೆ, ಕೆಳಗಿಂದ ಗಾಳಿ. ದಿಂಡಿಗೆ ಅಂಟಿಕೊಂಡ ಅಸಿಟೋಬ್ಯಾಕ್ಟರ್ ಅನ್ನುವ ಬ್ಯಾಕ್ಟೀರಿಯ ಆಲ್ಕೋಹಾಲನ್ನು ಅಸಿಟಿಕ್ ಆಸಿಡ್ ಮಾಡ್ತದೆ, ವಿನೆಗರಿನ ಹುಳಿ ಅಂದ್ರೆ ಅದೇ, ಗಾಳಿ ಇಲ್ಲದಿದ್ರೆ ಆ ಬ್ಯಾಕ್ಟೀರಿಯ ಕೆಲ್ಸವೇ ಮಾಡುದಿಲ್ಲ. ವೇಸ್ಟನ್ನು ಹೀಗೆ ಮಾಲು ಮಾಡುದು ದೊಡ್ಡ ಕಂಪೆನಿಯಲ್ಲೂ ಉಂಟು, ಪಾಣಿಪತ್‌ನಲ್ಲಿ ಇಂಡಿಯನ್ ಆಯಿಲ್‌ನವ್ರು ರಿಫೈನರಿಯ ವೇಸ್ಟ್ ಗ್ಯಾಸನ್ನೇ ಬ್ಯಾಕ್ಟೀರಿಯಕ್ಕೆ ತಿನ್ಸಿ ಎಥನಾಲ್ ತೆಗೀತಾರೆ, ಅದಕ್ಕೆ ಕೋಟಿಗಟ್ಲೆ ಬೇಕು ಮಾರಾಯ್ರೇ, ಇದಕ್ಕೆ ಒಂದು ಶೀಟಿನ ಶೆಡ್ಡು ಸಾಕು.

ರುಚಿಗೆ ಬರುವ. ಅಂಗಡಿಯ ಬಿಳಿ ಸಿಂಥೆಟಿಕ್ ವಿನೆಗರ್ ಮೂಗಿಗೆ ರಪ್ಪ ಹೊಡೀತದೆ, ಹುಳಿ ಬಿಟ್ರೆ ಬೇರೆ ಎಂತದೂ ಇಲ್ಲ. ಇದ್ರಲ್ಲಿ ಹುಳಿಯ ಹಿಂದೆ ಸಣ್ಣಕ್ಕೆ ಒಂದು ಸಿಹಿ ಪರಿಮಳ ಉಂಟು, ಬಣ್ಣ ತೆಳು ಹಳದಿ, ಅಡಿಯಲ್ಲಿ ಸ್ವಲ್ಪ ಗಷ್ಟು, ಅದು ಹಾಳಾದದ್ದಲ್ಲ. ಬಂಗುಡೆ ಉಪ್ಪಿನಕಾಯಿಗೆ ಹಾಕಿದ್ದು ಮನೆಯಲ್ಲಿ ಎಲ್ರಿಗೂ ಹಿಡಿಸಿತು, ನೀರುಳ್ಳಿ ಸಲಾಡಿಗಂತೂ ಇದೇ ಬೇಕು. ಆದ್ರೆ ಎಲ್ಲ ಬ್ಯಾಚ್ ಒಂದೇ ಥರ ಇಲ್ಲ. ಮತ್ತೆ ತಂದ ಬಾಟ್ಲಿಯ ಮುಚ್ಚಳ ತೆಗೆದ್ರೆ ನೈಲ್ ಪಾಲಿಷ್ ರಿಮೂವರ್ ವಾಸನೆ! ಆಲ್ಕೋಹಾಲ್ ಪೂರ್ತಿ ಆಸಿಡ್ ಆಗದೆ ಉಳಿದ್ರೆ ಎರಡೂ ಸೇರಿ ಈಥೈಲ್ ಅಸಿಟೇಟ್ ಆಗ್ತದೆ, ಅದ್ರದ್ದು. ಅರ್ಜೆಂಟಲ್ಲಿ ಡ್ರಮ್ಮಿಂದ ಇಳ್ಸಿದ್ದಾರೆ ಅಷ್ಟೆ. ಅಂಗಡಿಯವ್ರು ಮಾತಾಡದೆ ಬದಲಿ ಕೊಟ್ರು.

ಈಗ ಲೇಬಲ್. "100% ತೆಂಗಿನಕಾಯಿ ನೀರು, ಬೇರೇನೂ ಸೇರಿಸಿಲ್ಲ" ಅಂತೆ, ಪಕ್ಕದಲ್ಲೇ "ಆಮ್ಲತೆ 4%". ಬೆಳೆದ ಕಾಯಿ ನೀರಲ್ಲಿ ಸಕ್ಕರೆ ಇರುದೇ 2-3%. 180 ಗ್ರಾಂ ಗ್ಲುಕೋಸ್ ಒಂದು ಚೂರೂ ನಷ್ಟ ಆಗದೆ ಹುಳಿತ್ರೂ ಸಿಗುದು 120 ಗ್ರಾಂ ಅಸಿಟಿಕ್ ಆಸಿಡ್, ಅಂದ್ರೆ 3% ಸಕ್ಕರೆಗೆ ಹೆಚ್ಚಂದ್ರೆ 2% ಆಸಿಡ್. ಉಳಿದ 2% ಆಕಾಶದಿಂದ ಉದುರಿತಾ? ಸಕ್ಕರೆ ಸೇರ್ಸಿ 10%ದ ಹತ್ರ ತಂದೇ ಹುಳಿಸುದು, ಎಲ್ಲ ಕಡೆ ಮಾಡುವ ಕ್ರಮವೇ ಅದು, ತಪ್ಪೂ ಅಲ್ಲ, ಆ ಸಕ್ಕರೆಯೂ ಆಸಿಡ್ಡೇ ಆಗಿ ಹೋಗ್ತದೆ. ಹಾಗಿದ್ರೆ ಬರೀಲಿಕ್ಕೆ ಎಂತ ಕಷ್ಟ? ಸಿಪಿಸಿಆರ್‌ಐ, ಅಂದ್ರೆ ತೆಂಗು ಅಡಿಕೆಯಂಥ ತೋಟದ ಬೆಳೆಗಳ ಕೇಂದ್ರ ಸಂಶೋಧನಾ ಸಂಸ್ಥೆ, ಇರುವ ಕಾಸರಗೋಡಲ್ಲಿ ತೆಂಗಿನ ಬಗ್ಗೆ ಇಂಥ ಸುಳ್ಳು ನಡೀಲಿಕ್ಕಿಲ್ಲ. ಇನ್ನೊಂದು, ಲೇಬಲ್ಲಲ್ಲಿ ಮಲಯಾಳ ಉಂಟು ಇಂಗ್ಲಿಷ್ ಉಂಟು, ಕನ್ನಡ ಒಂದಕ್ಷರ ಇಲ್ಲ, ಮಾರುದು ಕನ್ನಡದವ್ರಿರುವ ಬದಿಯಡ್ಕ ಪೆರ್ಲದಲ್ಲಿ!

ರಬ್ಬರ್ ಶೀಟ್ ಮಾಡ್ಲಿಕ್ಕೆ ಹಾಲು ಹೆಪ್ಪುಗಟ್ಟಿಸುವ ಫಾರ್ಮಿಕ್ ಆಸಿಡ್ಡಿನ ಬದ್ಲು ಇದು ಆಗ್ತದಾ ಅಂತ ಪಕ್ಕದ ತೋಟದವ್ರು ಕೇಳಿದ್ರು. ರಬ್ಬರ್ ಹಾಲು ಹೆಪ್ಪುಗಟ್ಟೀತು, ಆದ್ರೆ ಇಷ್ಟು ತೆಳು ಆಸಿಡ್ ಎಷ್ಟು ಬಾಟ್ಲಿ ಸುರಿಯುದು, ಪೂರೈಸುದಿಲ್ಲ. ಟೈಲ್ಸ್ ತಿಕ್ಲಿಕ್ಕೂ ಸಿಂಥೆಟಿಕ್ಕೇ ಸಾಕು, ಇದ್ರ ರೇಟು ಅದ್ರ ದುಪ್ಪಟ್ಟುಂಟು. ಅಡುಗೆಗೆ ಮಾತ್ರ ತಗೊಳ್ಳಿ, ಗಾಜಿನ ಬಾಟ್ಲಿಯದ್ದೇ ಕೇಳಿ, ಮತ್ತೆ ಅಂಗಡಿಯಲ್ಲೇ ಮುಚ್ಚಳ ತೆಗೆದು ಮೂಸಿ ನೋಡಿ, ಅವ್ರು ಬೇಡ ಹೇಳುದಿಲ್ಲ.